ಐರ್ಲೆಂಡಿನ ಗ್ರಾಮಾಂತರ ಸೈಕಲ್ ಪ್ರವಾಸ ಮಾರ್ಗಗಳು

ಐರ್ಲೆಂಡ್ ದ್ವೀಪದ ಹಳ್ಳಿಗಾಡು, ಕರಾವಳಿ ಮತ್ತು ಗುಡ್ಡಗಾಡುಗಳಲ್ಲಿ ಸೈಕಲ್ಲಿನ ಮೇಲೆ ಒಂದು ದಿನದಿಂದ ಹಿಡಿದು ಹಲವು ವಾರಗಳವರೆಗೆ ಸಂಚರಿಸಲು ಬಳಕೆಯಲ್ಲಿರುವ ಕಿರು ರಸ್ತೆ, ಕಾಲುವೆ ದಂಡೆ ಮತ್ತು ಹಳೆಯ ರೈಲುಹಾದಿಗಳ ಜಾಲವೇ ಐರ್ಲೆಂಡಿನ ಗ್ರಾಮಾಂತರ ಸೈಕಲ್ ಪ್ರವಾಸ ಮಾರ್ಗಗಳು. ಇವು ಐರ್ಲೆಂಡ್ ಗಣರಾಜ್ಯದ 26 ಕೌಂಟಿಗಳಲ್ಲೂ ಯುನೈಟೆಡ್ ಕಿಂಗ್‌ಡಮ್‌ಗೆ ಸೇರಿದ ಉತ್ತರ ಐರ್ಲೆಂಡಿನ 6 ಕೌಂಟಿಗಳಲ್ಲೂ ಹರಡಿವೆ. ಇವುಗಳಲ್ಲಿ ಸೈಕಲ್ ಸವಾರರಿಗಾಗಿಯೇ ಮೊದಲಿನಿಂದ ಕಟ್ಟಿದ ಹಾದಿಗಳು ಕಡಿಮೆ. ಹೆಚ್ಚಿನವು ಬೇಸಾಯ, ಸರಕು ಸಾಗಣೆ, ಸೈನಿಕ ಕಾರ್ಯಾಚರಣೆ, ಕ್ಷಾಮ ಪರಿಹಾರ ಅಥವಾ ರೈಲು ಸಂಚಾರಕ್ಕಾಗಿ 18 ಮತ್ತು 19ನೆಯ ಶತಮಾನಗಳಲ್ಲಿ ನಿರ್ಮಾಣವಾಗಿ, ಅನಂತರ ಸೈಕಲ್ ಪ್ರವಾಸಕ್ಕೆ ಒದಗಿಬಂದವು. ಇಂದಿನ ಮಾರ್ಗಗಳ ಏರಿಳಿತ, ಅಗಲ, ತಿರುವು ಮತ್ತು ಒಡೆತನದ ಸ್ವರೂಪವನ್ನು ಬಹುಮಟ್ಟಿಗೆ ಈ ಹಿನ್ನೆಲೆಯೇ ನಿರ್ಧರಿಸಿದೆ.

ಪರಿಭಾಷೆ

ಈ ಲೇಖನದಲ್ಲಿ ‘ಸೈಕಲ್ ಪ್ರವಾಸ’ ಎಂದರೆ ಸ್ಪರ್ಧೆಯ ಉದ್ದೇಶವಿಲ್ಲದೆ, ಅಗತ್ಯ ಸಾಮಾನನ್ನು ಜೊತೆಯಲ್ಲಿಟ್ಟುಕೊಂಡು ಊರಿಂದೂರಿಗೆ ಸೈಕಲ್ಲಿನಲ್ಲಿ ಸಾಗುವುದು. ಅಧಿಕೃತ ಸಂಸ್ಥೆಯೊಂದು ಗುರುತಿಸಿ ಫಲಕ ಹಾಕಿದ ಮಾರ್ಗ ‘ಗುರುತಿತ ಮಾರ್ಗ’. ಮೋಟಾರು ವಾಹನಗಳಿಗೆ ಪ್ರವೇಶವಿಲ್ಲದ, ಪಾದಚಾರಿಗಳೂ ಸೈಕಲ್ ಸವಾರರೂ ಹಂಚಿಕೊಳ್ಳುವ ಪ್ರತ್ಯೇಕ ಹಾದಿ ‘ಗ್ರೀನ್‌ವೇ’. ಹೊಲ, ಒಂಟಿ ಮನೆ ಅಥವಾ ಕಡಲತೀರಕ್ಕೆ ಹೋಗುವ, ಒಂದೇ ವಾಹನ ಹಿಡಿಸುವಷ್ಟು ಅಗಲದ ಕಿರುದಾರಿಗೆ ಐರ್ಲೆಂಡಿನಲ್ಲಿ ‘ಬೋರೀನ್’ ಎಂಬ ಹೆಸರಿದೆ. ಪರ್ವತಸಾಲಿನ ನಡುವೆ ರಸ್ತೆ ದಾಟುವ ತಗ್ಗಿನ ಜಾಗ ‘ಕಣಿವೆದಾರಿ’. ಸ್ಥಳನಾಮಗಳಲ್ಲಿ ಇದು ಗ್ಯಾಪ್ ಅಥವಾ ಪಾಸ್ ಎಂದು ಕಾಣಿಸಿಕೊಳ್ಳುತ್ತದೆ. ಐರಿಷ್ ಭಾಷೆ ದೈನಂದಿನ ಬಳಕೆಯಲ್ಲಿರುವ, ಸರ್ಕಾರ ಗುರುತಿಸಿದ ಪ್ರದೇಶ ‘ಗೇಲ್‌ಟಾಕ್ಟ್’.

ಭೂರಚನೆ ಮತ್ತು ಹವಾಮಾನ

ದ್ವೀಪದ ವಿಸ್ತೀರ್ಣ ಸುಮಾರು 84,000 ಚದರ ಕಿಮೀ. ನಡುವೆ ಸುಣ್ಣಕಲ್ಲಿನ ತಗ್ಗು ಬಯಲು, ಅಂಚಿನಲ್ಲಿ ಬೆಟ್ಟಗಳು ಎಂಬುದು ಅದರ ಸ್ಥೂಲ ರೂಪ. ಮಧ್ಯದ ಬಯಲಿನಲ್ಲಿ ಹುಲ್ಲುಗಾವಲು, ಸರೋವರಗಳು ಹಾಗೂ ಪೀಟ್ ತುಂಬಿದ ಜೌಗುನೆಲಗಳಿವೆ. ಶಾನನ್ ನದಿ ಈ ಬಯಲಿನ ಮೂಲಕ ಉತ್ತರದಿಂದ ದಕ್ಷಿಣಕ್ಕೆ ಹರಿದು, ಕೊನೆಯಲ್ಲಿ ಪಶ್ಚಿಮಕ್ಕೆ ತಿರುಗಿ ಅಟ್ಲಾಂಟಿಕ್ ಸೇರುತ್ತದೆ. ನೈರುತ್ಯದ ಕೆರಿ ಕೌಂಟಿಯಲ್ಲಿರುವ ಕ್ಯಾರನ್‌ಟೂಹಿಲ್ ದ್ವೀಪದ ಅತ್ಯುನ್ನತ ಶಿಖರ. ಅದರ ಎತ್ತರ ಸುಮಾರು 1,039 ಮೀ. ಬೆಟ್ಟಗಳು ಬಹಳ ಎತ್ತರವಲ್ಲದಿದ್ದರೂ ಅನೇಕ ಮಾರ್ಗಗಳು ಸಮುದ್ರಮಟ್ಟದಿಂದಲೇ ಮೇಲೇರುವುದರಿಂದ ಏರಿಕೆ ಗಣನೀಯವಾಗಿರುತ್ತದೆ.

ಹಿಮಯುಗ ಬಿಟ್ಟುಹೋದ ಎರಡು ಬಗೆಯ ಭೂರೂಪಗಳು ಸವಾರಿಯ ಮೇಲೆ ನೇರ ಪ್ರಭಾವ ಬೀರುತ್ತವೆ. ಪೂರ್ವದ ಡೌನ್ ಕೌಂಟಿಯಿಂದ ಪಶ್ಚಿಮದ ಮೇಯೋ ಕೌಂಟಿಯ ಕ್ಲೂ ಕೊಲ್ಲಿಯವರೆಗೆ ಹಬ್ಬಿರುವ ಡ್ರಮ್ಲಿನ್ ಪಟ್ಟಿಯಲ್ಲಿ ಸಣ್ಣ ಗುಡ್ಡಗಳು ಒತ್ತೊತ್ತಾಗಿವೆ. ಇಲ್ಲಿ ರಸ್ತೆ ದಿನವಿಡೀ ಚಿಕ್ಕದಾದರೂ ಕಡಿದಾದ ಏರು-ಇಳುಕಲುಗಳಲ್ಲಿ ಸಾಗುತ್ತದೆ. ಹಿಮನದಿಗಳ ಅಡಿಯಲ್ಲಿ ಹರಿದ ನೀರು ಪೇರಿಸಿದ ಮರಳು-ಜಲ್ಲಿಯ ಉದ್ದನೆಯ ದಿಬ್ಬಗಳು ಎಸ್ಕರ್‌ಗಳು. ಜೌಗಿನ ನಡುವೆ ಒಣನೆಲ ಒದಗಿಸುವ ಈ ದಿಬ್ಬಗಳ ಮೇಲೆಯೇ ಮಧ್ಯ ಐರ್ಲೆಂಡಿನ ಪೂರ್ವ-ಪಶ್ಚಿಮ ದಾರಿಗಳು ಪ್ರಾಚೀನ ಕಾಲದಲ್ಲಿ ಹುಟ್ಟಿಕೊಂಡವು.

ಹವಾಮಾನ ಸಮುದ್ರ ಪ್ರಭಾವಿತ, ಸೌಮ್ಯ. ಬೇಸಿಗೆಯ ಹಗಲಿನ ಗರಿಷ್ಠ ಉಷ್ಣತೆ ಸಾಮಾನ್ಯವಾಗಿ 18ರಿಂದ 20 ಡಿಗ್ರಿ ಸೆಲ್ಸಿಯಸ್. ಪಶ್ಚಿಮದಲ್ಲಿ ವರ್ಷಕ್ಕೆ 1,000ದಿಂದ 1,400 ಮಿಮೀ ಮಳೆಯಾದರೆ ಪೂರ್ವದ ಬಹುಭಾಗದಲ್ಲಿ 750ರಿಂದ 1,000 ಮಿಮೀ. ಪಶ್ಚಿಮದ ಬೆಟ್ಟಗಳಲ್ಲಿ 2,000 ಮಿಮೀ ಮೀರುವುದುಂಟು. ಮಳೆ ಒಂದೇ ಋತುವಿಗೆ ಸೀಮಿತವಲ್ಲ. ವರ್ಷದುದ್ದಕ್ಕೂ ಜಿನುಗು ಮಳೆಯಾಗಿ, ಬಿಟ್ಟು ಬಿಟ್ಟು ಬರುವ ತುಂತುರಾಗಿ ಬೀಳುತ್ತದೆ. ಗಾಳಿ ಹೆಚ್ಚಾಗಿ ನೈರುತ್ಯ ಮತ್ತು ಪಶ್ಚಿಮದಿಂದ ಬೀಸುವುದರಿಂದ, ಪಶ್ಚಿಮ ಕರಾವಳಿಯ ದೀರ್ಘ ಪ್ರವಾಸಗಳನ್ನು ದಕ್ಷಿಣದಿಂದ ಉತ್ತರಕ್ಕೆ ಯೋಜಿಸುವುದು ವಾಡಿಕೆ. ಜೂನ್ ತಿಂಗಳಲ್ಲಿ ಹಗಲು ಸುಮಾರು 17 ಗಂಟೆಗಳಷ್ಟು ದೀರ್ಘವಾಗಿದ್ದರೆ ಡಿಸೆಂಬರಿನಲ್ಲಿ 8 ಗಂಟೆಗಿಂತ ಕಡಿಮೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿ ಪ್ರವಾಸದ ಮುಖ್ಯ ಕಾಲ.

ಉಗಮ ಮತ್ತು ಇತಿಹಾಸ

*ರಸ್ತೆಗಳು.* 18ನೆಯ ಶತಮಾನದಲ್ಲಿ ಐರ್ಲೆಂಡಿನ ರಸ್ತೆ ನಿರ್ಮಾಣದ ಹೊಣೆ ಬಹುಮಟ್ಟಿಗೆ ಪ್ರತಿ ಕೌಂಟಿಯ ಭೂಮಾಲೀಕರ ಸಭೆಯಾದ ಗ್ರ್ಯಾಂಡ್ ಜ್ಯೂರಿಯ ಕೈಯಲ್ಲಿತ್ತು. ಸ್ಥಳೀಯ ತೆರಿಗೆಯಿಂದ ಅದು ಹೊಸ ರಸ್ತೆಗಳಿಗೆ ಹಣ ಮಂಜೂರು ಮಾಡುತ್ತಿತ್ತು. 1776ರಿಂದ ಐರ್ಲೆಂಡಿನಲ್ಲಿ ಸಂಚರಿಸಿದ ಇಂಗ್ಲಿಷ್ ಕೃಷಿ ಬರಹಗಾರ ಆರ್ಥರ್ ಯಂಗ್ 1780ರಲ್ಲಿ ಪ್ರಕಟಿಸಿದ ತನ್ನ ಪ್ರವಾಸ ಗ್ರಂಥದಲ್ಲಿ ಇಲ್ಲಿನ ರಸ್ತೆಗಳನ್ನು ಪ್ರಶಂಸಿಸಿದ್ದಾನೆ. ಇಲ್ಲಿನ ರೈತರು ಒತ್ತಾದ ಗ್ರಾಮಗಳಲ್ಲಿ ನೆಲೆಸದೆ ತಮ್ಮ ತಮ್ಮ ಹೊಲಗಳಲ್ಲಿ ಚದುರಿದ ಮನೆಗಳಲ್ಲಿ ವಾಸಿಸುತ್ತ ಬಂದುದರಿಂದ, ಪ್ರತಿ ಮನೆಗೂ ದಾರಿ ಬೇಕಾಗಿ ಕಿರು ರಸ್ತೆಗಳ ದಟ್ಟ ಬಲೆ ಬೆಳೆಯಿತು. 1898ರ ಸ್ಥಳೀಯ ಸರ್ಕಾರ ಕಾಯಿದೆಯ ಪ್ರಕಾರ ಈ ರಸ್ತೆಗಳ ಹೊಣೆ ಚುನಾಯಿತ ಕೌಂಟಿ ಕೌನ್ಸಿಲ್‌ಗಳಿಗೆ ವರ್ಗವಾಯಿತು.

ಕೆಲವು ಪ್ರಸಿದ್ಧ ಸವಾರಿ ರಸ್ತೆಗಳ ಮೂಲ ವಿಶಿಷ್ಟವಾದದ್ದು. ಬ್ರಿಟಿಷ್ ಆಳ್ವಿಕೆಯ ವಿರುದ್ಧ ನಡೆದ 1798ರ ದಂಗೆಯ ನಂತರ ಬೆಟ್ಟಗಳಲ್ಲಿ ಅಡಗಿದ್ದ ಬಂಡಾಯಗಾರರನ್ನು ಹತ್ತಿಕ್ಕಲು ವಿಕ್ಲೋ ಪರ್ವತಗಳ ನಡುವೆ 1800ರಿಂದ 1809ರ ಅವಧಿಯಲ್ಲಿ ಮಿಲಿಟರಿ ರೋಡ್ ನಿರ್ಮಿಸಲಾಯಿತು. 1820ರ ದಶಕದಲ್ಲಿ ಅಲೆಕ್ಸಾಂಡರ್ ನಿಮ್ಮೋ ಕಾನಮಾರಾ ಪ್ರದೇಶದಲ್ಲೂ ರಿಚರ್ಡ್ ಗ್ರಿಫಿತ್ ಕಾರ್ಕ್, ಕೆರಿ, ಲಿಮರಿಕ್ ಕೌಂಟಿಗಳ ಗಡಿಭಾಗದಲ್ಲೂ ಸರ್ಕಾರಿ ವೆಚ್ಚದಲ್ಲಿ ರಸ್ತೆಗಳನ್ನು ರೂಪಿಸಿದರು. 1845ರಲ್ಲಿ ಆಲೂಗಡ್ಡೆ ಬೆಳೆಗೆ ತಗುಲಿದ ರೋಗದಿಂದ ಆರಂಭವಾದ ಮಹಾಕ್ಷಾಮದ ವೇಳೆ, ಹಸಿದ ಜನರಿಗೆ ಕೂಲಿ ಕೊಡುವ ಸಲುವಾಗಿ ಕೈಗೊಂಡ ಕಾಮಗಾರಿಗಳಲ್ಲಿ ಅನೇಕ ರಸ್ತೆಗಳು ನಿರ್ಮಾಣವಾದವು. ಕಾರ್ಕ್ ಮತ್ತು ಕೆರಿ ಗಡಿಯ ಹೀಲಿ ಪಾಸ್ 1847ರಲ್ಲಿ ಈ ಬಗೆಯ ಕಾಮಗಾರಿಯಾಗಿಯೇ ಆರಂಭವಾಯಿತು. ಇಂದಿನ ಗಣರಾಜ್ಯದ ಪೂರ್ವರೂಪವಾದ ಐರಿಷ್ ಫ್ರೀ ಸ್ಟೇಟ್‌ನ ಮೊದಲ ಗವರ್ನರ್ ಜನರಲ್ ಟಿಮ್ ಹೀಲಿ ಅವರ ಹೆಸರು ಅದಕ್ಕೆ ಬಂದದ್ದು ಮುಂದಿನ ಶತಮಾನದಲ್ಲಿ. 1891ರಲ್ಲಿ ಸ್ಥಾಪನೆಯಾದ ಕಂಜೆಸ್ಟೆಡ್ ಡಿಸ್ಟ್ರಿಕ್ಟ್ಸ್ ಬೋರ್ಡ್ ಪಶ್ಚಿಮದ ಬಡ ಪ್ರದೇಶಗಳಲ್ಲಿ ಮತ್ತಷ್ಟು ರಸ್ತೆ, ಸೇತುವೆ, ಧಕ್ಕೆಗಳನ್ನು ಕಟ್ಟಿಸಿತು.

*ಕಾಲುವೆಗಳು ಮತ್ತು ರೈಲುಹಾದಿಗಳು.* 1742ರಲ್ಲಿ ತೆರೆದ ನ್ಯೂರಿ ಕಾಲುವೆ, ಡಬ್ಲಿನ್‌ನಿಂದ ಶಾನನ್ ನದಿಯತ್ತ ಸಾಗುವ ಗ್ರ್ಯಾಂಡ್ ಕಾಲುವೆ ಹಾಗೂ 1790ರಲ್ಲಿ ಕೆಲಸ ಆರಂಭವಾಗಿ 1817ರಲ್ಲಿ ಮುಗಿದ ರಾಯಲ್ ಕಾಲುವೆ ಮುಖ್ಯ ಜಲಮಾರ್ಗಗಳಾಗಿದ್ದವು. ದೋಣಿ ಎಳೆಯುವ ಕುದುರೆಗಳಿಗಾಗಿ ಇವುಗಳ ದಂಡೆಯ ಮೇಲೆ ಸಮತಟ್ಟಾದ ಹಾದಿಗಳಿದ್ದವು. 1834ರಲ್ಲಿ ಡಬ್ಲಿನ್ ಮತ್ತು ಕಿಂಗ್ಸ್‌ಟೌನ್ (ಇಂದಿನ ಡನ್ ಲೀರಿ) ನಡುವೆ ಮೊದಲ ರೈಲು ಓಡಿತು. 1920ರ ಹೊತ್ತಿಗೆ ದ್ವೀಪದ ರೈಲುಹಾದಿ ಸುಮಾರು 5,500 ಕಿಮೀ ಮುಟ್ಟಿತ್ತು. ಬಸ್ಸು, ಲಾರಿಗಳ ಪೈಪೋಟಿಯಿಂದ ಮುಂದಿನ ದಶಕಗಳಲ್ಲಿ ಹೆಚ್ಚಿನ ಗ್ರಾಮೀಣ ಶಾಖೆಗಳು ಮುಚ್ಚಿದವು: ವೆಸ್ಟ್‌ಪೋರ್ಟ್–ಅಕಿಲ್ ಹಾದಿ 1937ರಲ್ಲಿ, ಕೆರಿಯ ಫ್ಯಾರನ್‌ಫೋರ್–ವಲೆಂಷಿಯಾ ಹಾರ್ಬರ್ ಹಾದಿ 1960ರಲ್ಲಿ, ವಾಟರ್‌ಫರ್ಡ್–ಮ್ಯಾಲೋ ಹಾದಿ 1967ರಲ್ಲಿ. ಹೀಗೆ ತೆರವಾದ ಹಾದಿಗಳೇ ಮುಂದೆ ಗ್ರೀನ್‌ವೇಗಳಿಗೆ ನೆಲೆಯಾದವು.

*ಸೈಕಲ್ಲಿನ ಆಗಮನ.* ಬೆಲ್‌ಫಾಸ್ಟ್‌ನಲ್ಲಿ ಪಶುವೈದ್ಯರಾಗಿದ್ದ ಸ್ಕಾಟ್ಲೆಂಡ್ ಮೂಲದ ಜಾನ್ ಬಾಯ್ಡ್ ಡನ್‌ಲಪ್ ತಮ್ಮ ಮಗನ ಮೂರುಚಕ್ರದ ಸೈಕಲ್ಲಿಗಾಗಿ ಗಾಳಿ ತುಂಬುವ ರಬ್ಬರ್ ಟೈರನ್ನು ತಯಾರಿಸಿ 1888ರಲ್ಲಿ ಪೇಟೆಂಟ್ ಪಡೆದರು. ಮರುವರ್ಷ ಬೆಲ್‌ಫಾಸ್ಟ್‌ನ ಕ್ರೀಡಾಕೂಟದಲ್ಲಿ ವಿಲ್ಲಿ ಹ್ಯೂಮ್ ಇಂಥ ಟೈರಿನ ಸೈಕಲ್ ಓಡಿಸಿ ಗೆದ್ದದ್ದು ಅದರ ಶಕ್ತಿಯನ್ನು ತೋರಿಸಿತು. ಬಳಿಕ ಡಬ್ಲಿನ್‌ನಲ್ಲಿ ಈ ಟೈರುಗಳ ತಯಾರಿಕೆ ಆರಂಭವಾಯಿತು. ಅದುವರೆಗೆ ಗಟ್ಟಿ ರಬ್ಬರಿನ ಚಕ್ರಗಳಿಗೆ ಒರಟಾಗಿದ್ದ ಜಲ್ಲಿ ರಸ್ತೆಗಳು ಈ ಟೈರಿನಿಂದಾಗಿ ದೂರಪ್ರವಾಸಕ್ಕೆ ಯೋಗ್ಯವಾದವು. ‘ದಿ ಐರಿಷ್ ಸೈಕ್ಲಿಸ್ಟ್’ ಪತ್ರಿಕೆಯ ಸಂಪಾದಕ ಆರ್. ಜೆ. ಮೆಕ್ರೀಡಿ ಸವಾರರಿಗಾಗಿ ರಸ್ತೆ ಕೈಪಿಡಿಗಳನ್ನೂ ನಕ್ಷೆಗಳನ್ನೂ ಪ್ರಕಟಿಸಿದರು.

*ಇಪ್ಪತ್ತನೆಯ ಶತಮಾನ.* 1931ರಲ್ಲಿ ಸ್ಥಾಪನೆಯಾದ ಐರಿಷ್ ಯೂತ್ ಹಾಸ್ಟೆಲ್ ಸಂಘ ‘ಆನ್ ಓಯಿಗೆ’ ಕಡಿಮೆ ವೆಚ್ಚದ ತಂಗುದಾಣಗಳನ್ನು ಒದಗಿಸಿ, ಕಾಲ್ನಡಿಗೆ ಮತ್ತು ಸೈಕಲ್ ಪ್ರವಾಸ ಸಾಮಾನ್ಯ ಜನರ ಕೈಗೆಟಕುವಂತೆ ಮಾಡಿತು. ಉತ್ತರ ಐರ್ಲೆಂಡಿನ ಸಂಘರ್ಷದ ವರ್ಷಗಳಲ್ಲಿ ಗಡಿ ದಾಟುವ ಅನೇಕ ಕಿರು ರಸ್ತೆಗಳನ್ನು ಬ್ರಿಟಿಷ್ ಸೇನೆ ಕಂದಕ ತೋಡಿ, ಕಾಂಕ್ರೀಟ್ ತಡೆಗಳನ್ನಿಟ್ಟು ಮುಚ್ಚಿತ್ತು. 1990ರ ದಶಕದ ಕದನವಿರಾಮಗಳ ನಂತರ ಇವು ಮತ್ತೆ ತೆರೆದುಕೊಂಡವು. ಗಡಿಯ ಎರಡೂ ಬದಿಯ ಹಳ್ಳಿಗಳನ್ನು ಬೆಸೆಯುವ ಗುರುತಿತ ಮಾರ್ಗಗಳು ರೂಪುಗೊಂಡವು. ದ್ವೀಪದ ಮೊದಲ ದೂರಗಾಮಿ ಸೈಕಲ್ ಮಾರ್ಗವೆನಿಸಿದ ಕಿಂಗ್‌ಫಿಷರ್ ಟ್ರೇಲ್ ಹುಟ್ಟಿದ್ದು ಈ ಸನ್ನಿವೇಶದಲ್ಲಿ.

ರಚನೆ

ಗಣರಾಜ್ಯದ ಸಾರ್ವಜನಿಕ ರಸ್ತೆಗಳ ಒಟ್ಟು ಉದ್ದ ಸುಮಾರು 1 ಲಕ್ಷ ಕಿಮೀ. ಇವನ್ನು ಎಂ (ಮೋಟಾರುಮಾರ್ಗ), ಎನ್ (ರಾಷ್ಟ್ರೀಯ), ಆರ್ (ಪ್ರಾದೇಶಿಕ) ಮತ್ತು ಎಲ್ (ಸ್ಥಳೀಯ) ಎಂಬ ಅಕ್ಷರಗಳಿಂದ ಗುರುತಿಸುತ್ತಾರೆ. ರಾಷ್ಟ್ರೀಯ ರಸ್ತೆಗಳು ಸುಮಾರು 5,300 ಕಿಮೀ ಮಾತ್ರ. ಉಳಿದವು ಪ್ರಾದೇಶಿಕ ಹಾಗೂ ಸ್ಥಳೀಯ. ಉತ್ತರ ಐರ್ಲೆಂಡಿನಲ್ಲಿ ಎಂ, ಎ, ಬಿ, ಸಿ ವರ್ಗಗಳು ಬಳಕೆಯಲ್ಲಿವೆ. ಎಂ ವರ್ಗದ ರಸ್ತೆಗಳಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ. ಎನ್ ಮತ್ತು ಎ ರಸ್ತೆಗಳು ಕಾನೂನುಬದ್ಧವಾಗಿ ತೆರೆದಿದ್ದರೂ ವಾಹನಗಳ ವೇಗ, ದಟ್ಟಣೆಗಳಿಂದಾಗಿ ಪ್ರವಾಸಿಗರು ಸಾಧ್ಯವಾದಷ್ಟು ಅವುಗಳಿಂದ ದೂರವಿರುತ್ತಾರೆ. ದೂರಗಾಮಿ ಮಾರ್ಗಗಳ ಬಹುಭಾಗ ಆರ್ ಮತ್ತು ಎಲ್ ರಸ್ತೆಗಳ ಮೇಲೆಯೇ ಸಾಗುತ್ತದೆ.

ಸ್ಥಳೀಯ ರಸ್ತೆಗಳ ಅಂಚಿನಲ್ಲಿ ಹಾಥಾರ್ನ್, ಬ್ಲ್ಯಾಕ್‌ಥಾರ್ನ್ ಮುಳ್ಳುಗಿಡಗಳ ಎತ್ತರದ ಬೇಲಿ ಸಾಮಾನ್ಯ. ಪಶ್ಚಿಮ ಕಾರ್ಕ್ ಮತ್ತು ಕೆರಿಯಲ್ಲಿ ಕೆಂಪು ಹೂವಿನ ಫ್ಯೂಷಿಯಾ ಬೇಲಿಗಳೂ, ಗಾಲ್ವೇ ಮತ್ತು ಆರನ್ ದ್ವೀಪಗಳಲ್ಲಿ ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆಗಳೂ ಕಾಣಸಿಗುತ್ತವೆ. ಬೇಲಿ, ಗೋಡೆಗಳು ಗಾಳಿಯನ್ನು ತಡೆಯುತ್ತವೆಯಾದರೂ ತಿರುವಿನಾಚೆಯ ನೋಟವನ್ನು ಮರೆಮಾಡುತ್ತವೆ. ಮೇಲ್ಮೈಯಲ್ಲಿ ಡಾಂಬರಿನ ಮೇಲೆ ಜಲ್ಲಿ ಹರಡಿದ ಲೇಪನ ಹೆಚ್ಚು. ಪೀಟ್ ನೆಲದ ಮೇಲೆ ಹಾದುಹೋಗುವ ರಸ್ತೆಗಳು ತಳ ಕುಸಿಯುವುದರಿಂದ ಅಲೆಯಲೆಯಾಗಿ ಏರುಪೇರಾಗಿರುತ್ತವೆ. ಬೋರೀನ್‌ಗಳ ನಡುವೆ ಹುಲ್ಲಿನ ಸಾಲು ಬೆಳೆದಿರುವುದು ಸಾಮಾನ್ಯ. ಇಂಥ ರಸ್ತೆಗಳಿಗೆ 32ರಿಂದ 40 ಮಿಮೀ ಅಗಲದ ಟೈರು, ಕಡಿದಾದ ಏರಿಗೆ ಒದಗುವ ಕೆಳ ಗೇರುಗಳು, ಮಡ್‌ಗಾರ್ಡು ಮತ್ತು ನೀರು ಒಳಗಿಳಿಯದ ಚೀಲಗಳು ಸೂಕ್ತವೆನಿಸಿವೆ.

ಗ್ರೀನ್‌ವೇಗಳ ರಚನೆ ಇದಕ್ಕಿಂತ ಭಿನ್ನ. ಉಗಿಬಂಡಿಗಳಿಗೆ ಕಡಿದಾದ ಏರು ಹತ್ತಲಾಗದ ಕಾರಣ ರೈಲುಹಾದಿಗಳನ್ನು ಗುಡ್ಡ ಕಡಿದು, ತಗ್ಗು ತುಂಬಿ, ಸುರಂಗ ಮತ್ತು ಕಮಾನು ಸೇತುವೆಗಳನ್ನು ಕಟ್ಟಿ ಬಹುತೇಕ ಸಮತಟ್ಟಾಗಿಸಲಾಗಿತ್ತು. ಆ ಅನುಕೂಲ ಇಂದು ಮಕ್ಕಳು, ವೃದ್ಧರು ಮತ್ತು ಅಂಗವಿಕಲರಿಗೂ ದೊರೆತಿದೆ. ಹಾದಿಯ ಮೇಲ್ಮೈಗೆ ಡಾಂಬರು ಅಥವಾ ದಮ್ಮಸು ಮಾಡಿದ ಕಲ್ಲುಪುಡಿ ಬಳಸುತ್ತಾರೆ.

ಗಣರಾಜ್ಯದಲ್ಲಿ ರಸ್ತೆ ಫಲಕಗಳು ಐರಿಷ್ ಮತ್ತು ಇಂಗ್ಲಿಷ್ ಎರಡರಲ್ಲೂ ಇರುತ್ತವೆ. ಗೇಲ್‌ಟಾಕ್ಟ್ ಪ್ರದೇಶಗಳಲ್ಲಿ ಸ್ಥಳನಾಮಗಳು ಐರಿಷ್‌ನಲ್ಲಿ ಮಾತ್ರ. ಆದ್ದರಿಂದ ಡಿಂಗಲ್ ಊರಿನ ದಾರಿಯಲ್ಲಿ ‘ಆನ್ ಡಾಂಗಿನ್’ ಎಂಬ ಹೆಸರನ್ನು ಗುರುತಿಸುವುದು ಅಗತ್ಯವಾಗುತ್ತದೆ. ದೂರ ಮತ್ತು ವೇಗದ ಅಳತೆ ಗಣರಾಜ್ಯದಲ್ಲಿ ಕಿಲೋಮೀಟರು, ಉತ್ತರ ಐರ್ಲೆಂಡಿನಲ್ಲಿ ಮೈಲಿ. ವಿವರವಾದ ಸಂಚಾರಕ್ಕೆ 1:50,000 ಪ್ರಮಾಣದ ಸರ್ಕಾರಿ ಸರ್ವೇಕ್ಷಣ ನಕ್ಷೆಗಳು ಬಹುಕಾಲದಿಂದ ಆಧಾರ. ಈಗ ಮೊಬೈಲ್ ಮತ್ತು ಜಿಪಿಎಸ್ ನಕ್ಷೆಗಳ ಬಳಕೆ ವ್ಯಾಪಕವಾಗಿದೆ.

ವಿಧಗಳು

*ಅಂತರರಾಷ್ಟ್ರೀಯ ಮಾರ್ಗಗಳು.* ಯುರೋಪಿಯನ್ ಸೈಕ್ಲಿಸ್ಟ್ಸ್ ಫೆಡರೇಶನ್ ಸಂಯೋಜಿಸುವ ಯುರೋವೆಲೊ ಜಾಲದ ಎರಡು ಮಾರ್ಗಗಳು ದ್ವೀಪವನ್ನು ಹಾಯುತ್ತವೆ. ನಾರ್ವೆಯಿಂದ ಪೋರ್ಚುಗಲ್‌ವರೆಗಿನ ಯುರೋವೆಲೊ 1 (ಅಟ್ಲಾಂಟಿಕ್ ಕರಾವಳಿ ಮಾರ್ಗ) ಉತ್ತರ ಐರ್ಲೆಂಡನ್ನು ಪ್ರವೇಶಿಸಿ, ಡೊನೆಗಾಲ್‌ನಿಂದ ಪಶ್ಚಿಮ ಮತ್ತು ದಕ್ಷಿಣ ಕರಾವಳಿಗಳನ್ನು ಅನುಸರಿಸಿ ವೆಕ್ಸ್‌ಫರ್ಡ್ ಕೌಂಟಿಯ ರಾಸ್‌ಲೇರ್ ಬಂದರನ್ನು ತಲುಪುತ್ತದೆ. ಯುರೋವೆಲೊ 2 (ರಾಜಧಾನಿಗಳ ಮಾರ್ಗ) ಗಾಲ್ವೇಯಲ್ಲಿ ಆರಂಭವಾಗಿ ಡಬ್ಲಿನ್ ಮೂಲಕ ಲಂಡನ್, ಬರ್ಲಿನ್‌ಗಳತ್ತ ಸಾಗುತ್ತದೆ.

*ಗ್ರೀನ್‌ವೇಗಳು.* ಇವುಗಳಲ್ಲಿ ರೈಲುಹಾದಿಯ ಮೇಲಿನವು, ಕಾಲುವೆ ದಂಡೆಯವು, ನದಿತೀರ ಅಥವಾ ಹೊಸ ಜಾಗದಲ್ಲಿ ಕಟ್ಟಿದವು ಎಂಬ ಮೂರು ಬಗೆಗಳಿವೆ.

*ಗುರುತಿತ ಗ್ರಾಮೀಣ ಮಾರ್ಗಗಳು.* ವಾಹನ ವಿರಳವಾದ ಸ್ಥಳೀಯ ರಸ್ತೆಗಳನ್ನು ಫಲಕಗಳಿಂದ ಜೋಡಿಸಿದ ಮಾರ್ಗಗಳಿವು. ಸುಮಾರು 480 ಕಿಮೀ ಉದ್ದದ ಕಿಂಗ್‌ಫಿಷರ್ ಟ್ರೇಲ್ ಫರ್ಮಾನಾ, ಲೀಟ್ರಿಮ್ ಮತ್ತು ಅಕ್ಕಪಕ್ಕದ ಕೌಂಟಿಗಳ ಸರೋವರ ಪ್ರದೇಶದಲ್ಲಿದೆ. 326 ಕಿಮೀ ಸುತ್ತಿನ ನಾರ್ತ್ ವೆಸ್ಟ್ ಟ್ರೇಲ್ ಡೊನೆಗಾಲ್, ಟಿರೋನ್, ಫರ್ಮಾನಾ, ಲೀಟ್ರಿಮ್, ಸ್ಲೈಗೊ ಕೌಂಟಿಗಳನ್ನು ಒಳಗೊಂಡಿದೆ. ಉತ್ತರ ಐರ್ಲೆಂಡಿನಲ್ಲಿ ಸಸ್ಟ್ರಾನ್ಸ್ ಎಂಬ ದತ್ತಿಸಂಸ್ಥೆ ರೂಪಿಸಿದ ನ್ಯಾಷನಲ್ ಸೈಕಲ್ ನೆಟ್‌ವರ್ಕ್‌ನ ಮಾರ್ಗಗಳಿಗೆ ಸಂಖ್ಯೆಗಳಿವೆ.

*ಸುತ್ತು ಮಾರ್ಗಗಳು.* ಪರ್ಯಾಯದ್ವೀಪವೊಂದನ್ನು ಸುತ್ತಿ ಹೊರಟಲ್ಲಿಗೇ ಮರಳುವ ಮಾರ್ಗಗಳು ನೈರುತ್ಯದಲ್ಲಿ ಹೆಚ್ಚು. ಅಲ್ಲಿನ ಕರಾವಳಿ ಕೈಬೆರಳುಗಳಂತೆ ಕಡಲಿಗೆ ಚಾಚಿರುವುದೇ ಇದಕ್ಕೆ ಕಾರಣ.

*ತುದಿಯಿಂದ ತುದಿಗೆ.* ಕಾರ್ಕ್ ಕೌಂಟಿಯ ನೈರುತ್ಯ ಭೂಶಿರ ಮಿಜೆನ್ ಹೆಡ್‌ನಿಂದ ದ್ವೀಪದ ಉತ್ತರದ ತುದಿ ಡೊನೆಗಾಲ್‌ನ ಮ್ಯಾಲಿನ್ ಹೆಡ್‌ವರೆಗಿನ ಪಯಣ ಸಾಂಪ್ರದಾಯಿಕ ದೀರ್ಘಯಾತ್ರೆ. ಇದಕ್ಕೆ ನಿಗದಿತ ಏಕಮಾರ್ಗವಿಲ್ಲ. ಒಳನಾಡಿನ ನೇರ ದಾರಿಯಲ್ಲಿ 600 ಕಿಮೀಗಿಂತ ತುಸು ಹೆಚ್ಚಾದರೆ, ಕರಾವಳಿ ಅನುಸರಿಸಿದರೆ ಅದರ ಹಲವು ಪಟ್ಟಾಗುತ್ತದೆ.

ಪ್ರಮುಖ ಮಾರ್ಗಗಳು

*ಮನ್‌ಸ್ಟರ್ (ದಕ್ಷಿಣ).* ಕೆರಿಯ ಐವೆರಾ ಪರ್ಯಾಯದ್ವೀಪವನ್ನು ಸುತ್ತುವ 179 ಕಿಮೀ ಉದ್ದದ ರಿಂಗ್ ಆಫ್ ಕೆರಿ ಕಿಲಾರ್ನಿಯಲ್ಲಿ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆ. ಬೇಸಿಗೆಯಲ್ಲಿ ಪ್ರವಾಸಿ ಬಸ್ಸುಗಳ ದಟ್ಟಣೆ ಇರುವುದರಿಂದ ಅನೇಕ ಸವಾರರು ಒಳಭಾಗದ ಬ್ಯಾಲಾಬೀಮಾ, ಬ್ಯಾಲಾಹಶೀನ್ ಕಣಿವೆದಾರಿಗಳನ್ನೂ ಗ್ಯಾಪ್ ಆಫ್ ಡನ್‌ಲೋ ದಾರಿಯನ್ನೂ ಆರಿಸಿಕೊಳ್ಳುತ್ತಾರೆ. ದಕ್ಷಿಣದ ಬೇರಾ ಪರ್ಯಾಯದ್ವೀಪದಲ್ಲಿ ಸಂಚಾರ ಕಡಿಮೆ. ಅದನ್ನು ಅಡ್ಡಲಾಗಿ ದಾಟುವ ಹೀಲಿ ಪಾಸ್ ಸುಮಾರು 300 ಮೀ ಎತ್ತರದಲ್ಲಿದೆ. ಡಿಂಗಲ್ ಪರ್ಯಾಯದ್ವೀಪದಲ್ಲಿ ಸ್ಲೇ ಹೆಡ್ ಸುತ್ತು ಮತ್ತು 400 ಮೀಟರಿಗೂ ಎತ್ತರದ ಕಾನರ್ ಪಾಸ್ ಇವೆ. ಕ್ಲೇರ್ ಕೌಂಟಿಯ ಉತ್ತರದಲ್ಲಿ ಬರೆನ್ ಎಂಬ ಬರಿಯ ಸುಣ್ಣಕಲ್ಲಿನ ಪ್ರದೇಶವಿದೆ. ಬಂಡೆಗಳ ಬಿರುಕುಗಳಲ್ಲಿ ಆಲ್ಪೈನ್ ಮತ್ತು ಮೆಡಿಟರೇನಿಯನ್ ಸಸ್ಯಗಳು ಒಟ್ಟಿಗೆ ಬೆಳೆಯುವ ಈ ನಾಡಿನ ಬ್ಲ್ಯಾಕ್ ಹೆಡ್ ಕರಾವಳಿ ರಸ್ತೆ ಪ್ರಸಿದ್ಧ. ಅದರ ದಕ್ಷಿಣದಲ್ಲಿ 214 ಮೀ ಎತ್ತರದ ಕ್ಲಿಫ್ಸ್ ಆಫ್ ಮೋಹರ್ ಕಡಲಬಂಡೆಗಳಿವೆ.

2017ರಲ್ಲಿ ತೆರೆದ 46 ಕಿಮೀ ಉದ್ದದ ವಾಟರ್‌ಫರ್ಡ್ ಗ್ರೀನ್‌ವೇ ವಾಟರ್‌ಫರ್ಡ್ ನಗರದಿಂದ ಡನ್‌ಗಾರ್ವನ್‌ವರೆಗೆ ಸಾಗುತ್ತದೆ. 11 ಸೇತುವೆಗಳು, 3 ಕಮಾನು ಮೇಲ್ಸೇತುವೆಗಳು ಮತ್ತು ಸುಮಾರು 400 ಮೀ ಉದ್ದದ ಬ್ಯಾಲಿವೊಯ್ಲ್ ಸುರಂಗ ಇದರಲ್ಲಿವೆ. 2021ರಲ್ಲಿ ನವೀಕರಿಸಿ ತೆರೆದ 40 ಕಿಮೀ ಉದ್ದದ ಲಿಮರಿಕ್ ಗ್ರೀನ್‌ವೇ ರಾತ್‌ಕೀಲ್‌ನಿಂದ ಬಾರ್ನಾ ಸುರಂಗದ ಮೂಲಕ ಕೆರಿ ಗಡಿಗೆ ಹೋಗುತ್ತದೆ. ಅಲ್ಲಿಂದ ಲಿಸ್ಟೋವೆಲ್‌ವರೆಗಿನ ಭಾಗ 2022ರಲ್ಲಿ ಸೇರಿಕೊಂಡಿತು.

*ಕಾನಾಕ್ಟ್ (ಪಶ್ಚಿಮ).* ಮೇಯೋ ಕೌಂಟಿಯ ಗ್ರೇಟ್ ವೆಸ್ಟರ್ನ್ ಗ್ರೀನ್‌ವೇ 1890ರ ದಶಕದಲ್ಲಿ ಹಾಕಿದ ರೈಲುಹಾದಿಯ ಮೇಲೆ ವೆಸ್ಟ್‌ಪೋರ್ಟ್‌ನಿಂದ ನ್ಯೂಪೋರ್ಟ್, ಮಲ್ರನಿ ಮೂಲಕ ಅಕಿಲ್‌ವರೆಗೆ 42 ಕಿಮೀಗೂ ಹೆಚ್ಚು ದೂರ ಸಾಗುತ್ತದೆ. ಇದರ ಮೊದಲ ಭಾಗ 2010ರಲ್ಲಿ, ಪೂರ್ಣ ಹಾದಿ 2011ರಲ್ಲಿ ತೆರೆಯಿತು. ರೈಲು ನಿಂತ ಮೇಲೆ ಜಾಗ ಅಕ್ಕಪಕ್ಕದ ರೈತರ ವಶಕ್ಕೆ ಹೋಗಿತ್ತು; ಅವರ ಒಪ್ಪಿಗೆಯ ಮೇರೆಗೆ ಸಂಚಾರಕ್ಕೆ ಅವಕಾಶ ಪಡೆದದ್ದು ಈ ಯೋಜನೆಯ ವಿಶೇಷ. ದೇಶದ ಇತರ ಗ್ರೀನ್‌ವೇಗಳಿಗೆ ಇದು ಮಾದರಿಯಾಯಿತು. ಗಾಲ್ವೇಯ ಕಾನಮಾರಾದಲ್ಲಿ ಕ್ಲಿಫ್ಡನ್ ಬಳಿಯ ಸ್ಕೈ ರೋಡ್, ಟ್ವೆಲ್ವ್ ಬೆನ್ಸ್ ಬೆಟ್ಟಗಳ ಪಕ್ಕದ ಇನಾ ಕಣಿವೆ ಮತ್ತು ಕಿಲರಿ ಕಡಲಚಾಚಿನ ದಂಡೆ ಮುಖ್ಯವಾದವು. ಆರನ್ ದ್ವೀಪಗಳಲ್ಲಿ ದೊಡ್ಡದಾದ ಇನಿಶ್‌ಮೋರ್‌ನಲ್ಲಿ ಪ್ರವಾಸಿಗರು ಬಾಡಿಗೆ ಸೈಕಲ್ಲಿನಲ್ಲೇ ಡೂನ್ ಇಂಗಸ್ ಎಂಬ ಪ್ರಾಚೀನ ಕಲ್ಲುಕೋಟೆಗೆ ಹೋಗುವುದು ರೂಢಿ.

*ಲೆನ್‌ಸ್ಟರ್ (ಪೂರ್ವ ಮತ್ತು ಮಧ್ಯ).* ಡಬ್ಲಿನ್‌ನ ದಕ್ಷಿಣದಲ್ಲಿ ಮಿಲಿಟರಿ ರೋಡ್ ಸುಮಾರು 500 ಮೀ ಎತ್ತರದ ಸ್ಯಾಲಿ ಗ್ಯಾಪ್ ಹಾದು ಹೋಗುತ್ತದೆ. ಹತ್ತಿರದ ವಿಕ್ಲೋ ಗ್ಯಾಪ್ (478 ಮೀ) 6ನೆಯ ಶತಮಾನದಲ್ಲಿ ಸಂತ ಕೆವಿನ್ ಸ್ಥಾಪಿಸಿದ ಗ್ಲೆಂಡಲಾಕ್ ಮಠಕ್ಕೆ ಪಶ್ಚಿಮದಿಂದ ಬರುವ ದಾರಿ. 2021ರಲ್ಲಿ ತೆರೆದ ರಾಯಲ್ ಕೆನಾಲ್ ಗ್ರೀನ್‌ವೇ ಕಿಲ್ಡೇರ್ ಕೌಂಟಿಯ ಮೇನೂತ್‌ನಿಂದ ಲಾಂಗ್‌ಫರ್ಡ್ ಕೌಂಟಿಯ ಕ್ಲೂನ್‌ಡಾರಾವರೆಗೆ 130 ಕಿಮೀ ಉದ್ದವಿದೆ. ಕಾಲುವೆ ಸಾರ್ವಜನಿಕ ಸ್ವತ್ತಾದುದರಿಂದ ಇಲ್ಲಿ ಜಮೀನಿನ ಸಮಸ್ಯೆ ವಿರಳ. 33 ಜಲಬಾಗಿಲು ಕಟ್ಟೆಗಳೂ ಸುಮಾರು 90 ಸೇತುವೆಗಳೂ ಈ ದಾರಿಯಲ್ಲಿವೆ. ಮುಲಿಂಗಾರ್‌ನಲ್ಲಿ ಇದಕ್ಕೆ 2015ರಲ್ಲಿ ತೆರೆದ ಓಲ್ಡ್ ರೈಲ್ ಟ್ರೇಲ್ ಕೂಡಿಕೊಂಡು ಸುಮಾರು 40 ಕಿಮೀ ದೂರದ ಆಥ್ಲೋನ್‌ಗೆ ಕರೆದೊಯ್ಯುತ್ತದೆ. ಆಥ್ಲೋನ್‌ನಲ್ಲಿ ಶಾನನ್ ನದಿಗೆ ಪಾದಚಾರಿ ಹಾಗೂ ಸೈಕಲ್ ಸವಾರರಿಗಾಗಿಯೇ ಕಟ್ಟಿದ ಸೇತುವೆ 2023ರಲ್ಲಿ ತೆರೆಯಿತು.

*ಅಲ್ಸ್ಟರ್ (ಉತ್ತರ).* ಡೊನೆಗಾಲ್ ಗಣರಾಜ್ಯದ ಅತ್ಯಂತ ಒರಟು ಭೂಮಿಗಳಲ್ಲೊಂದು. ಗ್ಲೆನ್‌ಗೆಶ್ ಪಾಸ್ ಮತ್ತು ಇನಿಶೋವೆನ್ ಪರ್ಯಾಯದ್ವೀಪದ ಮಮೋರ್ ಗ್ಯಾಪ್ ತಮ್ಮ ಕಡಿದಾದ ಏರಿಗೆ ಹೆಸರಾಗಿವೆ. ಉತ್ತರ ಐರ್ಲೆಂಡಿನ ಆಂಟ್ರಿಮ್ ಕರಾವಳಿ ರಸ್ತೆ ಬಂಡೆಗಳ ಬುಡದಲ್ಲಿ ಕಡಲಿಗೆ ಒತ್ತಿಕೊಂಡು ಸಾಗುತ್ತದೆ. ಅದರಾಚೆಯ ಉತ್ತರ ತೀರದಲ್ಲಿರುವ ಜೈಂಟ್ಸ್ ಕಾಸ್‌ವೇ ಎಂಬ ಕಪ್ಪುಶಿಲೆಯ ಕಂಬಗಳ ತೀರ 1986ರಲ್ಲಿ ವಿಶ್ವಪರಂಪರೆಯ ತಾಣವಾಯಿತು. ಪೋರ್ಟಡೌನ್‌ನಿಂದ ನ್ಯೂರಿವರೆಗಿನ ಕಾಲುವೆ ದಂಡೆಯ ಹಾದಿ ಸುಮಾರು 32 ಕಿಮೀ, ಪೂರ್ತಿ ಸಮತಟ್ಟು. ಬೆಲ್‌ಫಾಸ್ಟ್‌ನಿಂದ ಹೊರಡುವ ಸುಮಾರು 11 ಕಿಮೀ ಉದ್ದದ ಕೋಂಬರ್ ಗ್ರೀನ್‌ವೇ ನಗರ ಮತ್ತು ಗ್ರಾಮಾಂತರದ ಕೊಂಡಿ.

*ವೈಲ್ಡ್ ಅಟ್ಲಾಂಟಿಕ್ ವೇ.* ಪ್ರವಾಸೋದ್ಯಮ ಪ್ರಾಧಿಕಾರ ಫಾಲ್ಟ್ಯ ಐರ್ಲೆಂಡ್ 2014ರಲ್ಲಿ ರೂಪಿಸಿದ ಸುಮಾರು 2,500 ಕಿಮೀ ಉದ್ದದ ಈ ಮಾರ್ಗ ಡೊನೆಗಾಲ್‌ನ ಇನಿಶೋವೆನ್‌ನಿಂದ ಕಾರ್ಕ್‌ನ ಕಿನ್‌ಸೇಲ್‌ವರೆಗೆ ಪಶ್ಚಿಮ ಕರಾವಳಿಯನ್ನು ಅನುಸರಿಸುತ್ತದೆ. ಮೂಲತಃ ಕಾರು ಪ್ರವಾಸಕ್ಕಾಗಿ ಯೋಜಿಸಿದ್ದರೂ ಅದರ ಫಲಕಗಳನ್ನು ಸೈಕಲ್ ಪ್ರವಾಸಿಗರೂ ಬಳಸುತ್ತಾರೆ.

ನಿಯಮಗಳು ಮತ್ತು ಸುರಕ್ಷತೆ

ದ್ವೀಪದಾದ್ಯಂತ ಸಂಚಾರ ರಸ್ತೆಯ ಎಡಬದಿಯಲ್ಲಿ. ಹೆಲ್ಮೆಟ್ ಕಡ್ಡಾಯವಲ್ಲ, ಕತ್ತಲಾದ ಮೇಲೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಕಡ್ಡಾಯ. ಇಬ್ಬರು ಅಕ್ಕಪಕ್ಕ ಸಾಗಲು ಅವಕಾಶವಿದೆ. ಸೈಕಲ್ ಸವಾರರನ್ನು ಅಪಾಯಕರವಾಗಿ ಹಿಂದಿಕ್ಕುವುದನ್ನು ಗಣರಾಜ್ಯ 2019ರಲ್ಲಿ ಪ್ರತ್ಯೇಕ ಅಪರಾಧವೆಂದು ಘೋಷಿಸಿ 120 ಯೂರೋ ದಂಡ ವಿಧಿಸಿತು. ಅಲ್ಲಿ ಗಂಟೆಗೆ 50 ಕಿಮೀವರೆಗಿನ ವೇಗಮಿತಿಯ ರಸ್ತೆಗಳಲ್ಲಿ 1 ಮೀ, ಅದಕ್ಕೂ ಹೆಚ್ಚಿನ ವೇಗಮಿತಿಯ ರಸ್ತೆಗಳಲ್ಲಿ 1.5 ಮೀ ಅಂತರ ಬಿಡುವಂತೆ ಚಾಲಕರಿಗೆ ಸಲಹೆ ನೀಡಲಾಗಿದೆ. ಗಣರಾಜ್ಯದ ಗ್ರಾಮೀಣ ಸ್ಥಳೀಯ ರಸ್ತೆಗಳ ಸಾಮಾನ್ಯ ವೇಗಮಿತಿಯನ್ನು 2025ರ ಫೆಬ್ರವರಿಯಲ್ಲಿ ಗಂಟೆಗೆ 80 ಕಿಮೀಯಿಂದ 60 ಕಿಮೀಗೆ ಇಳಿಸಲಾಯಿತು. ತುರ್ತು ಸಹಾಯಕ್ಕೆ 112 ಅಥವಾ 999 ಸಂಖ್ಯೆ ಬಳಸಬೇಕು.

ಮರೆಯಾದ ತಿರುವುಗಳು, ಟ್ರ್ಯಾಕ್ಟರುಗಳು, ರಸ್ತೆಗಿಳಿದ ಕುರಿ-ದನಗಳು ಮತ್ತು ಒದ್ದೆ ಜಲ್ಲಿ ಮುಖ್ಯ ಅಪಾಯಗಳು. ಖಾಸಗಿ ಜಮೀನಿನಲ್ಲಿ ಮುಕ್ತವಾಗಿ ಸಂಚರಿಸುವ ಅಥವಾ ಡೇರೆ ಹಾಕುವ ಸಾರ್ವತ್ರಿಕ ಹಕ್ಕು ಐರ್ಲೆಂಡಿನಲ್ಲಿ ಇಲ್ಲ. ಮಾಲೀಕರ ಅನುಮತಿ ಬೇಕು.

ಸಾರಿಗೆ ಮತ್ತು ವಸತಿ

ಡಬ್ಲಿನ್, ರಾಸ್‌ಲೇರ್, ಕಾರ್ಕ್, ಬೆಲ್‌ಫಾಸ್ಟ್ ಮತ್ತು ಲಾರ್ನ್ ಬಂದರುಗಳಿಗೆ ಬ್ರಿಟನ್ನಿನಿಂದ ಅಥವಾ ಫ್ರಾನ್ಸಿನಿಂದ ಬರುವ ಹಡಗುಗಳು ಸೈಕಲ್ ಒಯ್ಯುತ್ತವೆ. ಗಣರಾಜ್ಯದ ದೂರಗಾಮಿ ರೈಲುಗಳಲ್ಲಿ ಸೈಕಲ್ ಜಾಗ ಸೀಮಿತ. ಮುಂಗಡ ಕಾಯ್ದಿರಿಸುವುದು ಅಗತ್ಯ. ಅಳಿವೆಗಳನ್ನು ದಾಟಿಸುವ ಕಿರು ದೋಣಿಸೇವೆಗಳು ಮಾರ್ಗಗಳ ಅವಿಭಾಜ್ಯ ಅಂಗ. ಕ್ಲೇರ್‌ನ ಕಿಲಿಮರ್ ಮತ್ತು ಕೆರಿಯ ಟಾರ್ಬರ್ಟ್ ನಡುವಿನ ಶಾನನ್ ಫೆರಿ ಸುಮಾರು 20 ನಿಮಿಷಗಳಲ್ಲಿ ದಾಟಿಸಿ, ಲಿಮರಿಕ್ ಬಳಸಿ ಹೋಗುವ 137 ಕಿಮೀ ಸುತ್ತನ್ನು ತಪ್ಪಿಸುತ್ತದೆ. ವಾಟರ್‌ಫರ್ಡ್ ಅಳಿವೆಯ ಪ್ಯಾಸೇಜ್ ಈಸ್ಟ್–ಬ್ಯಾಲಿಹ್ಯಾಕ್ ಹಾಗೂ ಡೌನ್ ಕೌಂಟಿಯ ಸ್ಟ್ರಾಂಗ್‌ಫರ್ಡ್–ಪೋರ್ಟಫೆರಿ ಸೇವೆಗಳೂ ಹಾಗೆಯೇ.

ವಸತಿಗೆ ಬಿ ಆ್ಯಂಡ್ ಬಿ ಎಂದು ಕರೆಯುವ, ಬೆಳಗಿನ ಉಪಾಹಾರ ಸಹಿತ ಮನೆ ತಂಗುದಾಣಗಳು, ಹಾಸ್ಟೆಲುಗಳು, ಸಣ್ಣ ಹೋಟೆಲುಗಳು ಮತ್ತು ಡೇರೆ ತಾಣಗಳಿವೆ. ಹಳ್ಳಿಯ ಅಂಗಡಿ ಮತ್ತು ಪಬ್‌ಗಳು ಊಟ, ನೀರು, ಮಾಹಿತಿಗಳ ಕೇಂದ್ರಗಳು. ಪಶ್ಚಿಮದ ವಿರಳ ಜನವಸತಿಯ ಭಾಗಗಳಲ್ಲಿ ಇವುಗಳ ನಡುವಿನ ಅಂತರ ಹೆಚ್ಚಿರುವುದರಿಂದ ದಿನದ ದೂರವನ್ನು ಮೊದಲೇ ಲೆಕ್ಕಹಾಕಬೇಕಾಗುತ್ತದೆ.

ಉಪಯೋಗ

ಪ್ರವಾಸದ ಜೊತೆಗೆ ಈ ಮಾರ್ಗಗಳು ಸ್ಥಳೀಯರ ವಿಹಾರಕ್ಕೆ, ಶಾಲೆ ಮತ್ತು ಕೆಲಸದ ಓಡಾಟಕ್ಕೆ ನೆರವಾಗುತ್ತವೆ. ಗ್ರೀನ್‌ವೇಗಳ ಪಕ್ಕದ ಊರುಗಳಲ್ಲಿ ಸೈಕಲ್ ಬಾಡಿಗೆ, ಸಾಮಾನು ಸಾಗಣೆ, ಕೆಫೆ, ವಸತಿ ಉದ್ಯಮಗಳು ಬೆಳೆದಿವೆ. ರೈಲು ಮತ್ತು ಉದ್ಯೋಗ ಕಳೆದುಕೊಂಡಿದ್ದ ನ್ಯೂಪೋರ್ಟ್, ಕಿಲ್‌ಮ್ಯಾಕ್‌ಥಾಮಸ್‌ನಂಥ ಸಣ್ಣ ಊರುಗಳಿಗೆ ಇದು ಮುಖ್ಯ ಆದಾಯವಾಗಿದೆ. ಸಾಮೂಹಿಕ ಸವಾರಿಗಳೂ ಇದೇ ರಸ್ತೆಗಳಲ್ಲಿ ನಡೆಯುತ್ತವೆ: 1982ರಲ್ಲಿ ಆರಂಭವಾದ 200 ಕಿಮೀ ಉದ್ದದ ವಿಕ್ಲೋ 200 ಮತ್ತು ಜುಲೈ ತಿಂಗಳಲ್ಲಿ ದತ್ತಿನಿಧಿ ಸಂಗ್ರಹಕ್ಕಾಗಿ ನಡೆಯುವ ರಿಂಗ್ ಆಫ್ ಕೆರಿ ಸವಾರಿ ಇವುಗಳಲ್ಲಿ ಪ್ರಮುಖ. ಸ್ಪರ್ಧಾ ಕ್ಷೇತ್ರದಲ್ಲಿ 1953ರಿಂದ ನಡೆದುಬಂದ ‘ರಾಸ್’ ಬಹುದಿನಗಳ ಓಟ ಗ್ರಾಮಾಂತರ ರಸ್ತೆಗಳನ್ನು ದೇಶಕ್ಕೆ ಪರಿಚಯಿಸಿತು.

ಸಾಹಿತ್ಯದಲ್ಲಿ

ಫ್ಲಾನ್ ಓಬ್ರಯನ್ 1939–40ರಲ್ಲಿ ಬರೆದು, ಮರಣಾನಂತರ 1967ರಲ್ಲಿ ಪ್ರಕಟವಾದ ‘ದಿ ಥರ್ಡ್ ಪೊಲೀಸ್‌ಮನ್’ ಕಾದಂಬರಿಯಲ್ಲಿ ಹಳ್ಳಿಗಾಡಿನ ಸೈಕಲ್ಲಿಗೆ ಕೇಂದ್ರ ಸ್ಥಾನವಿದೆ. ವಾಟರ್‌ಫರ್ಡ್ ಕೌಂಟಿಯ ಲಿಸ್‌ಮೋರ್‌ನಲ್ಲಿ 1931ರಲ್ಲಿ ಜನಿಸಿದ ಡರ್ವ್ಲಾ ಮರ್ಫಿ (ಮರಣ 2022) ಬಾಲ್ಯದಲ್ಲಿ ಅಲ್ಲಿನ ರಸ್ತೆಗಳಲ್ಲಿ ಸವಾರಿ ಕಲಿತವರು. 1963ರಲ್ಲಿ ಅವರು ಸೈಕಲ್ಲಿನಲ್ಲಿ ಏಕಾಂಗಿಯಾಗಿ ಭಾರತದವರೆಗೆ ಪ್ರಯಾಣಿಸಿದರು. ಆ ಅನುಭವದ ಕೃತಿ ‘ಫುಲ್ ಟಿಲ್ಟ್’ 1965ರಲ್ಲಿ ಪ್ರಕಟವಾಯಿತು. ಮುಂದೆ ಮಗಳೊಡನೆ ಕರ್ನಾಟಕದ ಕೊಡಗಿಗೆ ಬಂದು ತಂಗಿದ್ದ ಅವರು ‘ಆನ್ ಎ ಶೂಸ್ಟ್ರಿಂಗ್ ಟು ಕೂರ್ಗ್’ (1976) ಎಂಬ ಪ್ರವಾಸಕಥನ ಬರೆದರು. ಲಿಸ್‌ಮೋರ್ ಊರು ವಾಟರ್‌ಫರ್ಡ್–ಮ್ಯಾಲೋ ರೈಲುಹಾದಿಯ ನಿಲ್ದಾಣವಾಗಿತ್ತು. ಅದೇ ಹಾದಿಯ ಪೂರ್ವಭಾಗ ಈಗ ವಾಟರ್‌ಫರ್ಡ್ ಗ್ರೀನ್‌ವೇ ಆಗಿದೆ.

ಇಂದಿನ ಸ್ಥಿತಿ

ಗಣರಾಜ್ಯ ಸರ್ಕಾರ 2018ರಲ್ಲಿ ರಾಷ್ಟ್ರೀಯ ಹಾಗೂ ಪ್ರಾದೇಶಿಕ ಗ್ರೀನ್‌ವೇಗಳ ಕಾರ್ಯನೀತಿ ಪ್ರಕಟಿಸಿತು. 2020ರ ಸಮ್ಮಿಶ್ರ ಸರ್ಕಾರ ನಡಿಗೆ ಮತ್ತು ಸೈಕಲ್ ಸೌಕರ್ಯಗಳಿಗೆ ವರ್ಷಕ್ಕೆ 360 ದಶಲಕ್ಷ ಯೂರೋ ಮೀಸಲಿಡಲು ನಿರ್ಧರಿಸಿತು. 2021ರಿಂದ ಗ್ರೀನ್‌ವೇಗಳ ಹೊಣೆ ಟ್ರಾನ್ಸ್‌ಪೋರ್ಟ್ ಇನ್ಫ್ರಾಸ್ಟ್ರಕ್ಚರ್ ಐರ್ಲೆಂಡ್ ಎಂಬ ಸಂಸ್ಥೆಯದು. ಈ ಸಂಸ್ಥೆ 2024ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸೈಕಲ್ ಜಾಲದ ಯೋಜನೆ 200ಕ್ಕೂ ಹೆಚ್ಚು ನಗರ, ಪಟ್ಟಣ, ಹಳ್ಳಿಗಳನ್ನು ಸುಮಾರು 3,500 ಕಿಮೀ ಮಾರ್ಗಗಳಿಂದ ಜೋಡಿಸುವ ಗುರಿ ಹೊಂದಿದೆ, ಅವಧಿ 2040ರವರೆಗೆ.

ಯೋಜನೆಗಳಿಗೆ ದೊಡ್ಡ ತೊಡಕು ಜಮೀನು. ಹಾದಿ ಹೊಲವನ್ನು ಸೀಳುತ್ತದೆ, ಜಾನುವಾರುಗಳ ಓಡಾಟಕ್ಕೆ ಅಡ್ಡಿಯಾಗುತ್ತದೆ ಎಂಬುದು ರೈತರ ಆಕ್ಷೇಪ. ಫ್ಯಾರನ್‌ಫೋರ್–ವಲೆಂಷಿಯಾ ಹಾದಿಯ ಮೇಲಿನ ಸೌತ್ ಕೆರಿ ಗ್ರೀನ್‌ವೇಗಾಗಿ ಜಮೀನನ್ನು ಕಡ್ಡಾಯವಾಗಿ ಸ್ವಾಧೀನಪಡಿಸಿಕೊಳ್ಳಲು 2020ರಲ್ಲಿ ಅನುಮತಿ ದೊರೆತಾಗ ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು. ವ್ಯಾಜ್ಯ ಮುಗಿದ ಮೇಲಷ್ಟೇ ಕಾಮಗಾರಿ ಮುಂದುವರಿಯಿತು. ಜಮೀನುದಾರರೊಡನೆ ಮಾತುಕತೆ ನಡೆಸುವ ಕ್ರಮ ಮತ್ತು ಸ್ವಪ್ರೇರಣೆಯಿಂದ ಜಮೀನು ಬಿಟ್ಟುಕೊಟ್ಟವರಿಗೆ ಹೆಚ್ಚುವರಿ ಪಾವತಿಯನ್ನು ನಿಗದಿಪಡಿಸುವ ನೀತಿಸಂಹಿತೆ 2021ರ ಕೊನೆಯಲ್ಲಿ ಜಾರಿಗೆ ಬಂತು. ಆರ್ದ್ರಭೂಮಿ ಮತ್ತು ಪಕ್ಷಿಗಳ ಆವಾಸಗಳ ರಕ್ಷಣೆಯೂ ಹಾದಿಗಳ ಜಾಡನ್ನು ನಿರ್ಧರಿಸುತ್ತದೆ.

ಡಬ್ಲಿನ್–ಗಾಲ್ವೇ ಮಾರ್ಗದಲ್ಲಿ ಮೇನೂತ್‌ನಿಂದ ಆಥ್ಲೋನ್‌ವರೆಗೆ ವಾಹನರಹಿತ ಹಾದಿ ಬಳಕೆಯಲ್ಲಿದೆ. ಶಾನನ್‌ನಿಂದ ಪಶ್ಚಿಮದ ಬಹುಭಾಗ ಯೋಜನೆಯ ಹಂತದಲ್ಲಿದೆ. ಗಡಿಯ ಕಾರ್ಲಿಂಗ್‌ಫರ್ಡ್ ಅಳಿವೆಯನ್ನು ದಾಟುವ, ಸೈಕಲ್ ಹಾದಿಯನ್ನೂ ಒಳಗೊಂಡ ನ್ಯಾರೋ ವಾಟರ್ ಸೇತುವೆಯ ಕೆಲಸ 2024ರಲ್ಲಿ ಆರಂಭವಾಯಿತು. ಪೂರ್ಣಗೊಂಡ ಗ್ರೀನ್‌ವೇಗಳು ಒಂದಕ್ಕೊಂದು ಕೂಡಿಕೊಳ್ಳದೆ ಬಿಡಿ ತುಂಡುಗಳಾಗಿರುವ ಕಡೆಗಳಲ್ಲಿ ಅವುಗಳ ನಡುವಿನ ದೂರವನ್ನು ಸವಾರರು ಈಗಲೂ ಗ್ರ್ಯಾಂಡ್ ಜ್ಯೂರಿ ಕಾಲದ ಕಿರು ರಸ್ತೆಗಳ ಮೂಲಕವೇ ಕ್ರಮಿಸುತ್ತಾರೆ. ಹೊಸ ಜಾಲ ಪೂರ್ಣಗೊಂಡ ನಂತರವೂ ದೂರಪ್ರವಾಸದ ಹೆಚ್ಚಿನ ಭಾಗ ಈ ರಸ್ತೆಗಳನ್ನೇ ಅವಲಂಬಿಸಿರುವುದರಿಂದ, ಅವುಗಳ ವೇಗಮಿತಿ ಮತ್ತು ದುರಸ್ತಿ ಗ್ರೀನ್‌ವೇ ನಿರ್ಮಾಣದಷ್ಟೇ ಪ್ರಾಮುಖ್ಯ ಪಡೆದಿವೆ.